ಪಟ್ಟ ಕಟ್ಟಿದ ಕೈ ಯಾರದು?

ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ನೆಲೆಸಿರುವ ಕನ್ನಡಿಗ ಮತದಾರರು ನಾಲ್ಕು ವರ್ಷಕ್ಕೊಮ್ಮೆ ನವೆಂಬರಿನ ಚಳಿಯಲ್ಲಿ ಸಾಲು ನಿಂತು ಅಮೆರಿಕದ ಅಧ್ಯಕ್ಷರಿಗೆ ಮತ ಹಾಕಿ ಬರುತ್ತಾರೆ. ಕಾನೂನಿನ ಲೆಕ್ಕದಲ್ಲಿ ಆ ಮತ ಸಲ್ಲುವುದು ಡಿಸೆಂಬರಿನಲ್ಲಿ ರಿಚ್ಮಂಡಿನಲ್ಲಿ ಸೇರುವ ವರ್ಜೀನಿಯಾದ 13 ಮಂದಿ ಎಲೆಕ್ಟರುಗಳಿಗೆ. ದೇಶದ 538 ಎಲೆಕ್ಟರುಗಳಲ್ಲಿ 270 ಮಂದಿ ಯಾರನ್ನು ಒಪ್ಪುತ್ತಾರೋ ಅವರು ಅಧ್ಯಕ್ಷರು. ಎಲೆಕ್ಟರ್ ಎಂಬ ಮಾತು ಕಿವಿಗೆ ಬಿದ್ದರೆ ಇತಿಹಾಸ ಓದಿದವರಿಗೆ ಹಳೆಯ ಜರ್ಮನಿ ನೆನಪಾಗುತ್ತದೆ. ಅಲ್ಲಿ ರಾಜನನ್ನು ಆರಿಸುತ್ತಿದ್ದ ಏಳು ದೊರೆಗಳಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ವರ್ಜೀನಿಯಾದವನೇ ಆದ ಜೇಮ್ಸ್ ಮ್ಯಾಡಿಸನ್ 1787ರ ಡಿಸೆಂಬರಿನಲ್ಲಿ, ಫೆಡರಲಿಸ್ಟ್ ಲೇಖನಮಾಲೆಯ 19ನೆಯ ಕಂತಿನಲ್ಲಿ, ಆ ಜರ್ಮನ್ ಸಾಮ್ರಾಜ್ಯವನ್ನು ಎಚ್ಚರಿಕೆಯ ಪಾಠವಾಗಿ ವಿವರಿಸಿದ್ದಾನೆ.

ಇದೇ ಮನೆಗಳ ಮಕ್ಕಳು ವಾರಾಂತ್ಯದ ಕನ್ನಡ ತರಗತಿಯಲ್ಲಿ ಪುಲಕೇಶಿ, ನೃಪತುಂಗ, ಕೃಷ್ಣದೇವರಾಯ ಎಂದು ಹೆಸರು ಕಲಿಯುತ್ತಾರೆ. ಶಾಲೆಯಲ್ಲಿ ಎಲೆಕ್ಟರುಗಳ ಪಾಠ ಕೇಳಿದ ಮಗು ಮನೆಗೆ ಬಂದು ನಮ್ಮ ರಾಜರನ್ನು ಯಾರು ಆರಿಸಿದರು ಎಂದು ಕೇಳಿದರೆ ದೊಡ್ಡವರ ಬಾಯಿಗೆ ಮೊದಲು ಬರುವ ಉತ್ತರ ಒಂದೇ: ಅಪ್ಪನ ನಂತರ ಮಗ. ಶಾಸನಗಳನ್ನು ಬಿಡಿಸಿ ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ. ಪುಲಕೇಶಿ ಚಿಕ್ಕಪ್ಪನನ್ನು ಕೊಂದು ಪಟ್ಟಕ್ಕೆ ಬಂದವನು. ನೃಪತುಂಗನನ್ನು ಹುಡುಗುತನದಲ್ಲೇ ಬಂಡಾಯಗಾರರು ಕೆಳಗಿಳಿಸಿದ್ದರು, ದಾಯಾದಿ ಕರ್ಕ ಗುಜರಾತಿನಿಂದ ಬಂದು ಮತ್ತೆ ಕೂರಿಸಿದ. ಕೃಷ್ಣದೇವರಾಯನ ಮನೆತನ ಅವನಿಗಿಂತ ಒಂದೇ ತಲೆಮಾರು ಹಿಂದೆ ಇನ್ನೊಂದು ಮನೆತನದ ಸೇವೆಯಲ್ಲಿತ್ತು. ಹಾಗಾದರೆ ಅರಸನನ್ನು ಅರಸನನ್ನಾಗಿ ಮಾಡಿದ್ದು ಯಾವುದು? ಅರಸರಲ್ಲಿ ಒಬ್ಬನನ್ನು ಚಕ್ರವರ್ತಿ ಮಾಡಿದ್ದು ಯಾವುದು? ಇದರ ಮೇಲೆ ನೂರು ವರ್ಷಕ್ಕೂ ಮೀರಿ ವಾದ ನಡೆದಿದೆ.

ಮಾತಿನಲ್ಲೇ ಉಳಿದ ಸುಳಿವು

ಕನ್ನಡದಲ್ಲಿ ಅರಸನಿಗೆ ಪಟ್ಟ ಕಟ್ಟುತ್ತಾರೆ. ಪಟ್ಟದರಸಿ, ಪಟ್ಟದಾನೆ, ಪಟ್ಟಶಿಷ್ಯ ಎಂದು ಇಂದಿಗೂ ಬಳಸುವ ಆ ಪಟ್ಟ ಮೂಲದಲ್ಲಿ ಹಣೆಗೆ ಕಟ್ಟುವ ಚಿನ್ನದ ಪಟ್ಟಿ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅದರ ಅಳತೆಯನ್ನೇ ಕೊಡುತ್ತಾನೆ: ರಾಜನ ಪಟ್ಟ ನಡುವಿನಲ್ಲಿ ಎಂಟು ಅಂಗುಲ ಅಗಲ, ಐದು ಶಿಖೆ, ರಾಣಿಗೆ ಏಳು ಅಂಗುಲ, ಯುವರಾಜನಿಗೆ ಆರು, ಇಬ್ಬರಿಗೂ ಮೂರು ಮೂರು ಶಿಖೆ, ಸೇನಾಪತಿಗೆ ನಾಲ್ಕು ಅಂಗುಲ, ಒಂದೇ ಶಿಖೆ. ಹಣೆ ನೋಡಿದರೆ ಸ್ಥಾನ ತಿಳಿಯುವಂತಿತ್ತು.

ಪಟ್ಟವನ್ನು ತಾನೇ ಕಟ್ಟಿಕೊಳ್ಳುವುದು ಕಷ್ಟ, ಕಟ್ಟಲು ಇನ್ನೊಬ್ಬರ ಕೈ ಬೇಕು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ರಚಿಸಿದ ಶಾಸನ ಈ ಕೈಯನ್ನು ಮೊದಲು ತೋರಿಸುತ್ತದೆ. ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ ಪಲ್ಲವರ ಸವಾರನೊಬ್ಬನ ಜೊತೆ ಜಗಳವಾಗಿ ಕತ್ತಿ ಹಿಡಿದ, ಕಾಡು ಸೇರಿ ಪಲ್ಲವರನ್ನು ಕಾಡಿದ. ಕೊನೆಗೆ ಅವನಿಗೆ ಪಟ್ಟಬಂಧದ ಮನ್ನಣೆ ಕೊಟ್ಟವರು ಅದೇ ಪಲ್ಲವರು. ಕದಂಬ ರಾಜ್ಯದ ಮೊದಲ ಪಟ್ಟ ಕಟ್ಟಿದ್ದು ಶತ್ರುವಿನ ಕೈ! ಅದೇ ಶಾಸನ ಆ ವಂಶದ ನಂತರದ ಅರಸ ಶಾಂತಿವರ್ಮ ಮೂರು ಪಟ್ಟಗಳಿಂದ ಶೋಭಿಸುತ್ತಿದ್ದ ಎನ್ನುತ್ತದೆ. ಪೆನುಕೊಂಡದ ತಾಮ್ರಪಟದ ಪ್ರಕಾರ ಗಂಗರ ಅಯ್ಯವರ್ಮ, ಅವನ ಮಗ ಮಾಧವ ಇಬ್ಬರಿಗೂ ಅಭಿಷೇಕ ಮಾಡಿದವರು ಪಲ್ಲವ ಅರಸರು. ಮುಂದೆ ಗಂಗ ಶಿವಮಾರನ ಹಣೆಗೆ ರಾಷ್ಟ್ರಕೂಟ ಗೋವಿಂದನೂ ಪಲ್ಲವ ನಂದಿವರ್ಮನೂ ತಮ್ಮ ಕೈಯಿಂದಲೇ ಪಟ್ಟ ಕಟ್ಟಿದರೆಂದು ಗಂಗರ ಶಾಸನ ಹೆಮ್ಮೆಯಿಂದ ಹೇಳಿಕೊಂಡಿದೆ.

ರೈನ್ ದಂಡೆಯಲ್ಲಿ ಏಳು ಜನ

ಹೋಲಿಕೆಗೆ ಜರ್ಮನಿಯನ್ನು ನೋಡಬೇಕು. ಅಲ್ಲಿ ಇದೇ ಕೈಗಳು ಕಾಲಕ್ರಮದಲ್ಲಿ ಕಾನೂನಾದವು. 1024ರಲ್ಲಿ ಹಿಂದಿನ ರಾಜ ಮಕ್ಕಳಿಲ್ಲದೆ ಸತ್ತಾಗ ದೊರೆಗಳೂ ಬಿಷಪ್ಪರೂ ರೈನ್ ನದಿಯ ಕಾಂಬಾ ಎಂಬಲ್ಲಿ ಸೇರಿದರು. ಕಣದಲ್ಲಿದ್ದವರು ಕೊನ್ರಾಡ್ ಎಂಬ ಒಂದೇ ಹೆಸರಿನ ಇಬ್ಬರು ದಾಯಾದಿಗಳು. ಮೈನ್ಸಿನ ಆರ್ಚ್‌ಬಿಷಪ್ ಹಿರಿಯನ ಹೆಸರು ಹೇಳಿದ, ಉಳಿದವರು ಹಿಂಬಾಲಿಸಿದರು. 1077ರಲ್ಲಿ ದೊರೆಗಳು ಫೋರ್ಕ್‌ಹೈಮಿನಲ್ಲಿ ಸೇರಿ, ಪೋಪನ ಬಹಿಷ್ಕಾರಕ್ಕೆ ಗುರಿಯಾಗಿದ್ದ ನಾಲ್ಕನೆಯ ಹೆನ್ರಿಯ ವಿರುದ್ಧ ರುಡಾಲ್ಫನನ್ನು ಆರಿಸಿದರು; ರಾಜತ್ವ ಮಗನಿಗೆ ತಾನಾಗಿ ಹೋಗುವ ಆಸ್ತಿಯಲ್ಲ ಎಂಬ ಮಾತನ್ನೂ ಸೇರಿಸಿದರು. 1198ರಲ್ಲಿ ಒಂದೇ ಸಿಂಹಾಸನಕ್ಕೆ ಇಬ್ಬರು ಆರಿಸಿಬಂದರು. ಆರಿಸುವ ಹಕ್ಕು ದೊರೆಗಳದು, ಆದರೆ ಚಕ್ರವರ್ತಿಯ ಕಿರೀಟ ಇಡುವವನು ತಾನಾದ್ದರಿಂದ ತಲೆ ಪರೀಕ್ಷಿಸುವ ಹಕ್ಕು ತನ್ನದು ಎಂದು ಪೋಪ್ ಮೂರನೆಯ ಇನೊಸೆಂಟ್ 1202ರಲ್ಲಿ ಬರೆದ.

ಅಲ್ಲಿ ಎರಡು ಮೆಟ್ಟಿಲಿದ್ದವು. ಆಯ್ಕೆಯಾದವನು ರಾಜ. ರೋಮಿನಲ್ಲಿ ಪೋಪನಿಂದ ಕಿರೀಟ ಪಡೆದವನು ಚಕ್ರವರ್ತಿ, 962ರಲ್ಲಿ ಒಂದನೆಯ ಒಟ್ಟೋ ಪಡೆದಂತೆ. 1338ರಲ್ಲಿ ರೆನ್ಸ್ ಎಂಬಲ್ಲಿ ಸೇರಿದ ಎಲೆಕ್ಟರುಗಳು ತಾವು ಆರಿಸಿದವನಿಗೆ ಪೋಪನ ಒಪ್ಪಿಗೆ ಬೇಕಿಲ್ಲ ಎಂದರು. 1356ರಲ್ಲಿ ನಾಲ್ಕನೆಯ ಚಾರ್ಲ್ಸ್ ಹೊರಡಿಸಿದ ಚಿನ್ನದ ಮುದ್ರೆಯ ಶಾಸನ ಏಳು ಹೆಸರನ್ನು ಖಾಯಂ ಮಾಡಿತು: ಮೈನ್ಸ್, ಟ್ರಿಯರ್, ಕೊಲೋನ್‌ಗಳ ಆರ್ಚ್‌ಬಿಷಪ್ಪರು, ಬೊಹಿಮಿಯಾದ ರಾಜ, ರೈನ್ ಪ್ಯಾಲಟಿನೇಟಿನ ಕೌಂಟ್, ಸ್ಯಾಕ್ಸನಿಯ ಡ್ಯೂಕ್, ಬ್ರಾಂಡನ್‌ಬರ್ಗಿನ ಮಾರ್ಗ್ರೇವ್. ನಾಲ್ಕು ಮತ ಬಿದ್ದರೆ ಸಾಕು. ಮೂವತ್ತು ದಿನದಲ್ಲಿ ತೀರ್ಮಾನವಾಗದಿದ್ದರೆ ಅವರಿಗೆ ರೊಟ್ಟಿ, ನೀರು ಬಿಟ್ಟು ಬೇರೇನೂ ಕೊಡಬಾರದು ಎಂಬುದೂ ಅದರಲ್ಲಿದೆ. ಏಳೇ ಯಾಕೆ, ಇವರೇ ಯಾಕೆ ಎಂಬುದನ್ನು ಜರ್ಮನ್ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ರಕ್ತದ ಹಕ್ಕು, ಆಯ್ಕೆಯ ಹಕ್ಕು ಇವುಗಳಲ್ಲಿ ಯಾವುದು ಮೊದಲು ಎಂಬುದು ಅವರ ಹಳೆಯ ಜಗಳ. ಏಳರಲ್ಲಿ ಬಿಷಪ್ಪರಲ್ಲದ ಎಲೆಕ್ಟರುಗಳು ಒಟ್ಟೋನ ವಂಶದ ಹೆಣ್ಣುಮಕ್ಕಳ ಸಂತತಿಯ ವಾರಸುದಾರರು ಎಂಬ ಆರ್ಮಿನ್ ವುಲ್ಫ್ ಅವರ ವಾದ ಆ ಜಗಳಕ್ಕೆ ಹೊಸ ತಿರುವು ಕೊಟ್ಟಿತು.

ರಾಜ್ಯಲಕ್ಷ್ಮಿಯ ಸ್ವಯಂವರ

ಕರ್ನಾಟಕದಲ್ಲಿ ಇಂಥ ಪಟ್ಟಿ ಎಂದೂ ಆಗಲಿಲ್ಲ. ಆದರೆ ದೊಡ್ಡ ಮಗನಲ್ಲದವನು, ಅಥವಾ ಮಗನೇ ಅಲ್ಲದವನು, ಸಿಂಹಾಸನ ಏರಿದಾಗಲೆಲ್ಲ ಶಾಸನಕವಿಗಳು ಒಂದೇ ಚಿತ್ರಕ್ಕೆ ಕೈ ಹಾಕುತ್ತಾರೆ: ರಾಜ್ಯಲಕ್ಷ್ಮಿ ತಾನಾಗಿ ಇವನನ್ನು ವರಿಸಿದಳು. ಗಂಗ ದುರ್ವಿನೀತನ ಸಂಗತಿ ಹಾಗೆಯೇ. ತಂದೆ ರಾಜ್ಯ ಕೊಡಲು ಬಯಸಿದ್ದು ಇನ್ನೊಬ್ಬ ಮಗನಿಗೆ, ಲಕ್ಷ್ಮಿ ಬಂದು ಅಪ್ಪಿದ್ದು ದುರ್ವಿನೀತನ ಎದೆಯನ್ನು. ಐಹೊಳೆಯ ಮೇಗುಟಿ ಬಸದಿಯಲ್ಲಿ 634ರಲ್ಲಿ ರವಿಕೀರ್ತಿ ಕೆತ್ತಿಸಿದ ಪ್ರಶಸ್ತಿಯಲ್ಲೂ ಪುಲಕೇಶಿಯನ್ನು ಬಯಸಿದವಳು ಲಕ್ಷ್ಮಿಯೇ. ಅದನ್ನು ಸಹಿಸದೆ ಚಿಕ್ಕಪ್ಪ ಮಂಗಳೇಶ ತನ್ನ ಮಗನಿಗೆ ರಾಜ್ಯ ಮಾಡಿಕೊಡಲು ಹೋಗಿ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ.

ಸ್ವಯಂವರ ಎಂದರೆ ಆಯ್ಕೆ. ಆರಿಸಿದವರ ಹೆಸರು ಹೇಳಲಾಗದ ಕಡೆ ಕವಿ ದೇವಿಯ ಹೆಸರು ಹೇಳಿದ್ದಾನೆ ಎಂದು ಓದಲು ಅಡ್ಡಿಯಿಲ್ಲ. ಕವಿ ಬಿಲ್ಹಣ ಈ ಕಲೆಯಲ್ಲಿ ನುರಿತವನು. 1068ರಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ ಮೇಲೆ ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅವನನ್ನು ಇಳಿಸಿದ. ಬಿಲ್ಹಣನ ವಿಕ್ರಮಾಂಕದೇವಚರಿತದಲ್ಲಿ ತಂದೆ ಮೊದಲು ಯುವರಾಜ ಪಟ್ಟ ಕೊಡಲು ಬಂದದ್ದು ವಿಕ್ರಮಾದಿತ್ಯನಿಗೇ. ಅಣ್ಣನಿದ್ದಾನೆಂದು ಅವನು ಒಲ್ಲೆನೆಂದ. ಕೊನೆಗೆ ಶಿವನ ಆಜ್ಞೆಯಂತೆ ಯುದ್ಧಕ್ಕೆ ನಿಂತ. ಆ ಯುದ್ಧದಲ್ಲಿ ಹೊಯ್ಸಳರು, ಸೇವುಣರು, ಗೋವೆಯ ಕದಂಬರು ತಮ್ಮನ ಪಕ್ಷದಲ್ಲಿದ್ದರು. ಕಾವ್ಯದ ಶಿವನಷ್ಟೇ ಈ ಸಾಮಂತರ ಕುದುರೆಗಳೂ ಕೆಲಸ ಮಾಡಿವೆ.

ನೆರೆಯಲ್ಲಿ ಮುಚ್ಚುಮರೆಯಿಲ್ಲದ ಆಯ್ಕೆಯೂ ನಡೆದಿದೆ. ಕಂಚಿಯ ವೈಕುಂಠ ಪೆರುಮಾಳ್ ದೇವಾಲಯದ ಪ್ರಾಕಾರದ ಗೋಡೆಯಲ್ಲಿ ಅದು ಕಲ್ಲಿನ ಚಿತ್ರಗಳಾಗಿ ಸಾಲುಗಟ್ಟಿದೆ. 731ರ ಸುಮಾರಿಗೆ ಪಲ್ಲವ ಅರಸ ವಾರಸುದಾರರಿಲ್ಲದೆ ಸತ್ತ. ಮಂತ್ರಿಗಳು, ಘಟಿಕೆಯವರು, ಪ್ರಜೆಗಳು ದೂರದ ಶಾಖೆಯ ಹಿರಣ್ಯವರ್ಮನ ಬಳಿ ಹೋದರು. ಅವನ ನಾಲ್ವರು ಮಕ್ಕಳಲ್ಲಿ ಮೂವರು ಒಲ್ಲೆವೆಂದರು. ಹನ್ನೆರಡು ವರ್ಷದ ಪಲ್ಲವಮಲ್ಲ ಒಪ್ಪಿ ಹೊರಟ. ಇದು ಗೆದ್ದವನು ಆಮೇಲೆ ಕಟ್ಟಿಸಿದ ಕಥೆ ಎಂದು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ಕಥೆಯೇ ಇರಲಿ, ಪ್ರಜೆಗಳು ಆರಿಸಿದರು ಎಂದು ಹೇಳಿಕೊಳ್ಳುವುದರಲ್ಲಿ ಆ ಕಾಲದ ಅರಸನಿಗೆ ಲಾಭವಿತ್ತು ಎಂಬುದಂತೂ ಉಳಿಯುತ್ತದೆ. ಬಂಗಾಳದ ಪಾಲ ವಂಶದ ಖಾಲಿಂಪುರ ತಾಮ್ರಪಟವೂ ಗೋಪಾಲನನ್ನು ಅರಾಜಕತೆ ತಪ್ಪಿಸಲು ಪ್ರಕೃತಿಗಳು, ಎಂದರೆ ಪ್ರಜೆಗಳೋ ಅಧಿಕಾರಿಗಳೋ, ರಾಜನನ್ನಾಗಿ ಮಾಡಿದರು ಎನ್ನುತ್ತದೆ.

ಒಂದು ಪಟ್ಟ, ಎರಡು ಸಾಕ್ಷಿ

ಕನ್ನಡ ನೆಲದಲ್ಲಿ ಆಯ್ಕೆ ಎಂಬ ಮಾತಿಗೆ ಅತಿ ಹತ್ತಿರ ಬರುವ ಘಟನೆ 935ರ ಸುಮಾರಿಗೆ ಮಾನ್ಯಖೇಟದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ನಡೆಯಿತು. ರಾಷ್ಟ್ರಕೂಟ ನಾಲ್ಕನೆಯ ಗೋವಿಂದ ಬಿದ್ದ. ಅವನ ಚಿಕ್ಕಪ್ಪ ಬದ್ದೆಗ, ಮೂರನೆಯ ಅಮೋಘವರ್ಷನೆಂಬ ಹೆಸರಿನಲ್ಲಿ, ಚಕ್ರವರ್ತಿಯಾದ. ಅದೃಷ್ಟಕ್ಕೆ ಎರಡೂ ಕಡೆಯ ಮಾತು ಉಳಿದುಬಂದಿದೆ.

ಮೊದಲ ಸಾಕ್ಷಿ ಚಕ್ರವರ್ತಿಯ ಮನೆಯದು. ಬದ್ದೆಗನ ಮಗ ಮೂರನೆಯ ಕೃಷ್ಣ 940ರಲ್ಲಿ ಬರೆಸಿದ ದೇವಳಿ ತಾಮ್ರಪಟ, 959ರ ಕರಹಾಡ ತಾಮ್ರಪಟ. ಇವುಗಳ ಪ್ರಕಾರ ಗೋವಿಂದ ಹೆಂಗಸರ ಮೋಹಕ್ಕೆ ಬಿದ್ದು ಕೆಟ್ಟ, ಎಲ್ಲರಿಗೂ ಬೇಡವಾದ. ಸಾಮಂತರು ಬಂದು ರಟ್ಟರ, ಎಂದರೆ ರಾಷ್ಟ್ರಕೂಟರ, ರಾಜ್ಯದ ಮಹಿಮೆ ಉಳಿಸೆಂದು ಅಮೋಘವರ್ಷನನ್ನು ಬೇಡಿಕೊಂಡರು, ಶಿವನೂ ಪ್ರೇರಿಸಿದ, ಅವನು ಸಿಂಹಾಸನ ಏರಿದ. ಬೇಡಿದವರು ಕೆಳಗಿನವರು, ಒಪ್ಪಿದವನು ಮೇಲಿನವನು.

ಎರಡನೆಯ ಸಾಕ್ಷಿ ಪಂಪ. ಅವನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ತನ್ನಲ್ಲಿಗೆ ಶರಣು ಬಂದ ವಿಜಯಾದಿತ್ಯನನ್ನು ಒಪ್ಪಿಸಲು ಅವನು ನಿರಾಕರಿಸಿದ್ದೇ ಗೋವಿಂದನೊಂದಿಗಿನ ಜಗಳಕ್ಕೆ ಮೂಲ. 941ರ ಸುಮಾರಿಗೆ ಮುಗಿದ ವಿಕ್ರಮಾರ್ಜುನ ವಿಜಯದಲ್ಲಿ ಪಂಪ ಹೇಳುವಂತೆ, ಗೊಜ್ಜಿಗನೆಂದು ಅವನು ಕರೆಯುವ ಗೋವಿಂದ ಚಕ್ರವರ್ತಿಯನ್ನು ಸೋಲಿಸಿ ಸಾಮ್ರಾಜ್ಯವನ್ನು ಬದ್ದೆಗನಿಗೆ ಒಪ್ಪಿಸಿದವನು ಅರಿಕೇಸರಿ. ಇಲ್ಲಿ ಬೇಡಿಕೆಯ ಸುಳಿವಿಲ್ಲ. ಕೊಟ್ಟವನು ಸಾಮಂತ, ಪಡೆದವನು ಚಕ್ರವರ್ತಿ.

ತಾಮ್ರಪಟದ ಕವಿಯೂ ಪಂಪನೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಅದೇ ಸಂಗತಿಯನ್ನು ಬರೆಯುತ್ತಿದ್ದಾರೆ. ಇಬ್ಬರೂ ಸಾಮಂತರ ಪಾಲನ್ನು ಒಪ್ಪುತ್ತಾರೆ. ಆ ಪಾಲು ಪ್ರಾರ್ಥನೆಯೋ ದಾನವೋ ಎಂಬುದರಲ್ಲಿ ಮಾತ್ರ ಭೇದ. ಜರ್ಮನಿಯಲ್ಲಿ ದೊರೆಗಳೂ ಪೋಪನೂ ನೂರಾರು ವರ್ಷ ಕಾದಾಡಿದ ಪ್ರಶ್ನೆ ಇದಕ್ಕೆ ತೀರ ಹತ್ತಿರದ್ದು. ಅಲ್ಲಿ ಅದು ಪತ್ರ, ಪ್ರತಿಪತ್ರ, ಕಾನೂನುಗಳಲ್ಲಿ ನಡೆಯಿತು. ಇಲ್ಲಿ ಪ್ರಶಸ್ತಿಯಲ್ಲಿ, ಕಾವ್ಯದಲ್ಲಿ. ಕನ್ನಡದ ಆದಿಕವಿಯನ್ನು ರಾಜ್ಯಶಾಸ್ತ್ರದ ಸಾಕ್ಷಿಯಾಗಿ ನಾವು ಸಾಕಷ್ಟು ಓದಿಲ್ಲ.

ಇಂಥ ಸೇವೆಗೆ ಬೆಲೆಯೂ ಇತ್ತು. ಗಂಗ ಬೂತುಗ ಬದ್ದೆಗನ ಮಗಳು ರೇವಕನಿಮ್ಮಡಿಯನ್ನು ಮದುವೆಯಾದವನು. 949ರಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸಿಕ್ಕಿದ್ದನ್ನು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಎಣಿಸಿ ಹೇಳುತ್ತದೆ. ಅದು ಪಟ್ಟಕ್ಕೆ ಕೊಟ್ಟ ಬೆಲೆಯಲ್ಲ, ಯುದ್ಧಕ್ಕೆ ಕೊಟ್ಟದ್ದು. ಆದರೂ ಚಕ್ರವರ್ತಿ, ಸಾಮಂತರ ನಡುವೆ ಹೆಣ್ಣು, ನಾಡು, ಸೈನ್ಯ ಹೇಗೆ ಓಡಾಡುತ್ತಿದ್ದವು ಎಂಬುದು ಅಲ್ಲಿ ಕಾಣುತ್ತದೆ. 1519ರಲ್ಲಿ ಐದನೆಯ ಚಾರ್ಲ್ಸ್ ಆರಿಸಿಬರಲು ಎಲೆಕ್ಟರುಗಳಿಗಾಗಿ ಸುಮಾರು 8,50,000 ಗುಲ್ಡನ್ ಸುರಿದ. ಅದರಲ್ಲಿ ದೊಡ್ಡ ಪಾಲು ಫುಗ್ಗರ್ ಸಾಹುಕಾರರ ಸಾಲ.

ಅರಸನಿಂದ ಚಕ್ರವರ್ತಿಗೆ

ಪೋಪನಿಲ್ಲದ ನಾಡಿನಲ್ಲಿ ಎರಡನೆಯ ಮೆಟ್ಟಿಲು ಯಾವುದು? ಶಾಸನದ ಮೊದಲ ಸಾಲುಗಳಲ್ಲೇ ಅದು ಗೊತ್ತಾಗುತ್ತದೆ. ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಎಂದು ಬಂದರೆ ಚಕ್ರವರ್ತಿ. ತತ್ಪಾದಪದ್ಮೋಪಜೀವಿ, ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರ ಎಂದು ಬಂದರೆ ಅವನ ಪಾದದಡಿ ಬದುಕುವ ಸಾಮಂತ, ಐದು ವಾದ್ಯ ಬಾರಿಸಿಕೊಳ್ಳುವ ಮನ್ನಣೆ ಪಡೆದವನು. ಈ ಗೆರೆ ದಾಟಲು ಅರಸರು ಎಷ್ಟು ಹಿಂಜರಿಯುತ್ತಿದ್ದರು ಎಂಬುದೇ ಅದಕ್ಕಿದ್ದ ತೂಕಕ್ಕೆ ಸಾಕ್ಷಿ. ಕಲಚುರಿ ಬಿಜ್ಜಳ 1157ರ ಹೊತ್ತಿಗೆ ಕಲ್ಯಾಣವನ್ನು ಕೈಯಲ್ಲಿಟ್ಟುಕೊಂಡಿದ್ದರೂ ಪೂರ್ಣ ಬಿರುದು ತಳೆಯಲು 1162ರವರೆಗೆ ಕಾದ. ಸ್ವತಂತ್ರನಂತೆಯೇ ಆಳಿದ ಹೊಯ್ಸಳ ವಿಷ್ಣುವರ್ಧನ ಮಹಾಮಂಡಳೇಶ್ವರನಾಗಿಯೇ ಉಳಿದ. ಚಕ್ರವರ್ತಿಯಾದದ್ದು ಮೊಮ್ಮಗ ಇಮ್ಮಡಿ ಬಲ್ಲಾಳ, 1190ರ ದಶಕದಲ್ಲಿ. ವಿಜಯನಗರದ ಹರಿಹರ, ಬುಕ್ಕರೂ ಮಹಾಮಂಡಳೇಶ್ವರರೇ; ರಾಜಾಧಿರಾಜನಾದವನು ಇಮ್ಮಡಿ ಹರಿಹರ.

ದಾಟುವ ದಾರಿಗಳು ಹಲವು. ಒಂದನೆಯ ಪುಲಕೇಶಿ ಅಶ್ವಮೇಧ ಮಾಡಿದ್ದನ್ನು ಬಾದಾಮಿಯ 543ರ ಬಂಡೆಶಾಸನ ಹೇಳುತ್ತದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿ ಪರಮೇಶ್ವರನೆಂಬ ಎರಡನೆಯ ಹೆಸರು ಗಳಿಸಿದನೆಂದು ನಂತರದ ಚಾಲುಕ್ಯ ತಾಮ್ರಪಟಗಳು ಸಾರುತ್ತವೆ. ರಾಷ್ಟ್ರಕೂಟ ದಂತಿದುರ್ಗನ ದಾರಿ ಎಲ್ಲಕ್ಕಿಂತ ಬೆರಗಿನದು. ಉಜ್ಜಯಿನಿಯಲ್ಲಿ ಅವನು ಹಿರಣ್ಯಗರ್ಭ ದಾನ ಮಾಡಿದ: ಚಿನ್ನದ ಗರ್ಭದೊಳಗೆ ಹೊಕ್ಕು ಹೊರಬಂದು ಹೊಸದಾಗಿ ಹುಟ್ಟುವ ವಿಧಿ. ಆ ಹೊತ್ತಿನಲ್ಲಿ ಗುರ್ಜರ ಪ್ರತಿಹಾರ ಅರಸನನ್ನು ಬಾಗಿಲು ಕಾಯಲು ನಿಲ್ಲಿಸಿದನೆಂದು 871ರ ಸಂಜಾನ ತಾಮ್ರಪಟ ಹೇಳುತ್ತದೆ. ಪ್ರತಿಹಾರ ಎಂದರೆ ದ್ವಾರಪಾಲಕ ಎಂಬ ಅರ್ಥದ ಮೇಲೆ ಆಡಿದ ಮಾತು ಅದು. ಹುಟ್ಟಿನಿಂದ ಸಿಗದ ಹಕ್ಕಿಗೆ ಎರಡನೆಯ ಹುಟ್ಟು!

ಇನ್ನೊಂದು ದಾರಿ ಹಳೆಯ ಹೆಸರು. 973ರಲ್ಲಿ ರಾಷ್ಟ್ರಕೂಟರನ್ನು ಉರುಳಿಸಿದ ತೈಲಪ ತಾನು ಬಾದಾಮಿ ಚಾಲುಕ್ಯರ ವಂಶದವನೆಂದ. ಒಟ್ಟೋ ರೋಮಿನ ಹೆಸರು ಹೊತ್ತಂತೆಯೇ ಇದು. ಧರ್ಮಗುರುಗಳ ಪಾತ್ರದ ವಾದ ವಿದ್ಯಾರಣ್ಯರ ಸುತ್ತ ನಡೆದಿದೆ. ಅವರು ವಿಜಯನಗರ ರಾಜ್ಯ ಸ್ಥಾಪಿಸಿದ ಕಥೆ ನಂತರ ಶೃಂಗೇರಿಯಲ್ಲಿ ಹುಟ್ಟಿತೆಂದು ಫಾದರ್ ಹೆರಾಸ್ 1929ರಲ್ಲಿ ವಾದಿಸಿದರು. ಹರಿಹರ, ಬುಕ್ಕ ಮುಂತಾದ ಸಂಗಮ ಸಹೋದರರು 1346ರಲ್ಲಿ ಶೃಂಗೇರಿಗೆ ಹೋಗಿ ಉತ್ಸವ ಮಾಡಿದ್ದಂತೂ ನಿಜ.

ವಿದ್ವಾಂಸರ ಪಕ್ಷಗಳು

ಕೆ.ಪಿ. ಜಾಯಸ್ವಾಲ್ 1924ರ ತಮ್ಮ ಗ್ರಂಥದಲ್ಲಿ ಪ್ರಾಚೀನ ಭಾರತದಲ್ಲಿ ಪೌರ, ಜಾನಪದ ಸಭೆಗಳು ಅರಸನನ್ನು ಆರಿಸುತ್ತಿದ್ದವು, ಇಳಿಸುತ್ತಲೂ ಇದ್ದವು ಎಂದು ವಾದಿಸಿದರು. ಸ್ವರಾಜ್ಯ ಕೇಳುತ್ತಿದ್ದ ದೇಶಕ್ಕೆ ಆ ವಾದ ಬಲ ಕೊಟ್ಟಿತು. ರಾಷ್ಟ್ರಕೂಟರ ಇತಿಹಾಸ ಬರೆದ ಎ.ಎಸ್. ಅಳ್ತೇಕರ್ ಇದನ್ನು ಒಪ್ಪಲಿಲ್ಲ. ಅವರಿಗೆ ಹಿರಿಯ ಮಗನ ಹಕ್ಕೇ ನಿಯಮ, ಉಳಿದದ್ದು ಅಪವಾದ. ಆದರೆ ದಂತಿದುರ್ಗನ ನಂತರ ಚಿಕ್ಕಪ್ಪ ಒಂದನೆಯ ಕೃಷ್ಣ. ಎರಡನೆಯ ಗೋವಿಂದನನ್ನು ಇಳಿಸಿ ತಮ್ಮ ಧ್ರುವ. ಹಿರಿಯ ಸ್ತಂಭನನ್ನು ಬಿಟ್ಟು ಧ್ರುವ ಆರಿಸಿದ ಮೂರನೆಯ ಗೋವಿಂದ. ಅದರ ವಿರುದ್ಧ ಹನ್ನೆರಡು ಅರಸರ ಕೂಟ ಕಟ್ಟಿ ಸ್ತಂಭ ಮಾಡಿದ ಯುದ್ಧ. ಇಷ್ಟೊಂದು ಅಪವಾದಗಳಿರುವ ನಿಯಮವನ್ನು ನಿಯಮವೆಂದು ಕರೆಯುವುದು ಕಷ್ಟ.

ಆರ್.ಎಸ್. ಶರ್ಮಾ 1965ರಲ್ಲಿ ಭೂದಾನಗಳಿಂದ ಸಾಮಂತರು ಬಲಿತು ಕೇಂದ್ರ ಸೊರಗಿತು ಎಂದರು. ಈ ನೋಟಕ್ಕೆ ಅರಿಕೇಸರಿ ಚೆನ್ನಾಗಿ ಹೊಂದುತ್ತಾನೆ, ಆದರೆ ಅದೇ ಸಾಮಂತರು ಸಾಮ್ರಾಜ್ಯವನ್ನು ಒಡೆಯದೆ ಇನ್ನೊಬ್ಬ ರಾಷ್ಟ್ರಕೂಟನನ್ನೇ ಹುಡುಕಿದ್ದು ಯಾಕೆಂದು ತಿಳಿಯುವುದಿಲ್ಲ. ಬರ್ಟನ್ ಸ್ಟೈನ್ 1980ರಲ್ಲಿ ಮುಖ್ಯವಾಗಿ ಚೋಳರನ್ನೂ ವಿಜಯನಗರವನ್ನೂ ನೋಡಿ, ಚಕ್ರವರ್ತಿಯದು ವಿಧಿಯ ಒಡೆತನ, ನಿಜವಾದ ಆಡಳಿತ ನಾಡುಗಳದು ಎಂದರು. ರೊನಾಲ್ಡ್ ಇಂಡೆನ್ 1990ರಲ್ಲಿ ರಾಷ್ಟ್ರಕೂಟರನ್ನೇ ಮುಂದಿಟ್ಟುಕೊಂಡು, ಚಕ್ರವರ್ತಿತ್ವವೆಂದರೆ ಅರಸರ ವೃತ್ತದಲ್ಲಿ ಮತ್ತೆ ಮತ್ತೆ ಗೆದ್ದು, ವಿಧಿ ಮಾಡಿ, ದೇವಾಲಯ ಕಟ್ಟಿಸಿ ಉಳಿಸಿಕೊಳ್ಳಬೇಕಾದ ಸ್ಥಾನ ಎಂದು ವಿವರಿಸಿದರು. ಬಿ.ಡಿ. ಚಟ್ಟೋಪಾಧ್ಯಾಯ, ಹರ್ಮನ್ ಕುಲ್ಕೆ ಅವರಿಗೆ ಸಾಮಂತರು ಸಾಮ್ರಾಜ್ಯದ ರೋಗವಲ್ಲ, ಅದರ ಅಸ್ಥಿಪಂಜರ. 935ರ ಎರಡೂ ಸಾಕ್ಷಿಗಳನ್ನು ಒಟ್ಟಿಗೆ ಹಿಡಿದಾಗ ಹೆಚ್ಚು ಅರ್ಥ ಕೊಡುವುದು ಈ ಕೊನೆಯ ನೋಟ. ಸಾಮಂತನಿಗೆ ತನ್ನ ಬಿರುದು, ಐದು ವಾದ್ಯ, ಹಣೆಯ ಪಟ್ಟ ಎಲ್ಲಕ್ಕೂ ಮೇಲೊಬ್ಬ ಬೇಕಿತ್ತು. ಅವನು ಚಕ್ರವರ್ತಿಯನ್ನು ಬದಲಿಸಿದ, ಚಕ್ರವರ್ತಿಯ ಸ್ಥಾನವನ್ನು ಮುಟ್ಟಲಿಲ್ಲ.

ತೀರದ ಪ್ರಶ್ನೆಗಳು

ಸಾಮಂತರು ಒಂದೆಡೆ ಕೂತು ಬದ್ದೆಗನನ್ನು ಒಪ್ಪಿದರೋ, ಅರಿಕೇಸರಿಯ ಯುದ್ಧ ಮುಗಿದ ಮೇಲೆ ಒಬ್ಬೊಬ್ಬರಾಗಿ ತಲೆಬಾಗಿದರೋ? ದೇವಳಿ ತಾಮ್ರಪಟ ಬಹುವಚನದಲ್ಲಿ ಮಾತಾಡುತ್ತದೆ, ಹೆಸರು ಕೊಡುವುದಿಲ್ಲ. ಬದ್ದೆಗನ ಹೆಂಡತಿಯ ತವರು, ತ್ರಿಪುರಿಯ ಕಲಚುರಿಗಳ ಮನೆ, ಈ ಬದಲಾವಣೆಯಲ್ಲಿ ಎಷ್ಟು ಕೈ ಆಡಿಸಿತ್ತು? ನಾಡುಗಳಿಗೂ ಮಹಾಜನರಿಗೂ ಪಟ್ಟದ ವಿಷಯದಲ್ಲಿ ಏನಾದರೂ ಮಾತಿತ್ತೋ, ಇಲ್ಲವೋ? ಜರ್ಮನಿಯಲ್ಲಿ ಏಳು ಹೆಸರು ಗಟ್ಟಿಯಾಗಲು ಮಕ್ಕಳಿಲ್ಲದ ರಾಜರೂ ಪೋಪನೊಂದಿಗಿನ ಜಗಳವೂ ಕಾರಣವಾದವು. ಮಕ್ಕಳಿಲ್ಲದ ಅರಸರು ಇಲ್ಲೂ ಇದ್ದರು. ಪಟ್ಟಿ ಗಟ್ಟಿಯಾಗದೆ ಉಳಿದದ್ದಕ್ಕೆ ಪೋಪನಿಲ್ಲದ್ದೇ ಕಾರಣವೋ, ಸಾಮಂತರ ಮನೆತನಗಳೇ ಬೇಗ ಬೇಗ ಏಳುಬೀಳು ಕಂಡದ್ದೋ ಎಂಬುದೂ ಇತ್ಯರ್ಥವಾಗಿಲ್ಲ.

ಸೋತ ಆಯ್ಕೆಯೊಂದರ ಗುರುತು ಶ್ರವಣಬೆಳಗೊಳದಲ್ಲಿದೆ. ತೈಲಪ ಮಾನ್ಯಖೇಟವನ್ನು ಗೆದ್ದ ಮೇಲೂ ಗಂಗ ಮಾರಸಿಂಹ ಬಿಡಲಿಲ್ಲ. ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟ ಕಟ್ಟಿದ. ಆ ಪಟ್ಟಬಂಧವನ್ನು ಕೂಗೆ ಬ್ರಹ್ಮದೇವರ ಕಂಬದ ಶಾಸನ ಮಾರಸಿಂಹನ ಸಾಧನೆಗಳ ಸಾಲಿನಲ್ಲಿ ನೆನೆಯುತ್ತದೆ. 975ರ ಸುಮಾರಿಗೆ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಅವನು ಪಟ್ಟ ಕಟ್ಟಿದ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಲ್ಲಿ ಕಣ್ಣು ಮುಚ್ಚಿದ. ಆ ಏಳೆಂಟು ವರ್ಷ ಗಂಗರ ಹೊರಗೆ ಯಾವ ಸಾಮಂತ ಇಂದ್ರನನ್ನು ಚಕ್ರವರ್ತಿಯೆಂದು ಕರೆದ, ಯಾರು ತೈಲಪನ ಕಡೆ ತಿರುಗಿದರು, ಯಾವಾಗ ತಿರುಗಿದರು ಎಂಬುದನ್ನು ಒಂದೊಂದು ಊರಿನ ಶಾಸನದ ಮೊದಲ ಸಾಲು ಹಿಡಿದು ಇನ್ನೂ ಎಣಿಸಬೇಕಾಗಿದೆ.